ಬ್ಯಾಳಿಗೂ ಬಿದ್ರಿಗೂ ಕಾಯಂ ವಿಳಾಸ: ಆನ್‌ಲೈನ್ ಅಂಗಡಿಗೆ ಸ್ಕೀಮಾ ಕೂರಿಸಿದ ಏಳು ವಾರ

ಕಲಬುರಗಿಯ ಒಂದು ಸಣ್ಣ ಆನ್‌ಲೈನ್ ಅಂಗಡಿಯ 43 ಸಾಮಾನುಗಳಿಗೆ ಸ್ಟ್ರಕ್ಚರ್ಡ್ ಡೇಟಾ, ಅಂದರೆ ಯಂತ್ರಕ್ಕೆ ಓದಲು ಬರುವಂಥ ಮಾಹಿತಿ, ಹಾಕುವ ಕೆಲಸ ಹೋದ ವಾರ ಮುಗಿಯಿತು. ಎರಡು ದಿನದಲ್ಲಿ ಆದೀತು ಎಂದು ಕೈ ಹಾಕಿದ್ದು ಏಳು ವಾರ ತಿಂದಿತು. ಅದರಲ್ಲಿ ಕೋಡ್ ಬರೆದದ್ದು ಒಂದೂವರೆ ದಿನ ಅಷ್ಟೇ. ಮಿಕ್ಕಿದ್ದೆಲ್ಲ ಹೆಸರು, ತೂಕ, ದರ, ಕಾಗದಪತ್ರ, ಆಮೇಲೆ ಗೂಗಲ್ ಯಾವಾಗ ಬಂದು ನೋಡೀತು ಎಂದು ಕಾಯುವುದು. ಅಂಗಡಿಯಲ್ಲಿ ಎರಡು ಬಗೆಯ ಮಾಲು. ತೊಗರಿ ಬೇಳೆ, ಕಡಲೆ ಬೇಳೆ, ಜೋಳದ ಹಿಟ್ಟಿನಂಥ ಪ್ಯಾಕೆಟ್ 11. ಬೀದರಿನ ಬಿದ್ರಿ ಕೆಲಸದ ಹೂಜಿ, ಹೂದಾನಿ, ಡಬ್ಬಿಗಳು 32. ಪ್ಯಾಕೆಟ್‌ಗಳು ಒಂದರಂತೆ ಒಂದು ಇರುತ್ತವೆ, ಅವಕ್ಕೆ ಬಾರ್‌ಕೋಡ್ ಬೇಕು. ಬಿದ್ರಿಯಲ್ಲಿ ಒಂದರಂತೆ ಇನ್ನೊಂದು ಇರುವುದೇ ಇಲ್ಲ, ಬಾರ್‌ಕೋಡೂ ಇಲ್ಲ. ಈ ಎರಡನ್ನೂ ಒಂದೇ ಸಲ ಮಾಡಿದ್ದರಿಂದ ಬರಬಹುದಾದ ತೊಡಕೆಲ್ಲ ಬಂದೇ ಬಂತು.

ಮೊದಲು ಇದೇನು ಎಂದು ಚುಟುಕಾಗಿ. ಪುಟದಲ್ಲಿ "ತೊಗರಿ ಬೇಳೆ, 1 ಕೆಜಿ, ರೂ. 160" ಎಂದಿದ್ದರೆ ಓದುವವನಿಗೆ 160 ದರ, 1 ತೂಕ ಎಂದು ಹೇಳಬೇಕಿಲ್ಲ. ಯಂತ್ರಕ್ಕೆ ಹೇಳಬೇಕು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಮತ್ತು ಇಬ್ಬರು ಜೊತೆಗಾರರು 2001ರಲ್ಲಿ ಸೆಮ್ಯಾಂಟಿಕ್ ವೆಬ್ ಎಂಬ ವಿಚಾರವನ್ನು ಜನರ ಮುಂದಿಟ್ಟದ್ದು ಇದಕ್ಕೇ. ವ್ಯಾಕರಣದ ಪಾಠದಲ್ಲಿ ಕರ್ತೃ, ಕ್ರಿಯೆ, ಕರ್ಮ ಇದ್ದಹಾಗೆ ಇಲ್ಲಿ ಪ್ರತಿ ಮಾತಿಗೂ ಮೂರು ತುಂಡು: "ಈ ಹೂಜಿ – ತಯಾರಾದ ಊರು – ಬೀದರ್". ಇದಕ್ಕೆ ಟ್ರಿಪಲ್ ಎನ್ನುತ್ತಾರೆ, ಈ ಕ್ರಮಕ್ಕೆ ಆರ್‌ಡಿಎಫ್. 2006ರಲ್ಲಿ ಬರ್ನರ್ಸ್-ಲೀ ಲಿಂಕ್ಡ್ ಡೇಟಾಕ್ಕೆ ನಾಲ್ಕು ನಿಯಮ ಬರೆದರು. ವಸ್ತುವಿಗೆ ಹೆಸರಾಗಿ ಯುಆರ್‌ಐ, ಅಂದರೆ ಅದೊಂದಕ್ಕೇ ಸೇರಿದ ಗುರುತು, ಕೊಡು. ಅದು ಎಚ್‌ಟಿಟಿಪಿ ವಿಳಾಸವೇ ಆಗಿರಲಿ. ಅಲ್ಲಿಗೆ ಬಂದವರಿಗೆ ಉಪಯೋಗದ ಮಾಹಿತಿ ಸಿಗಲಿ. ಅಲ್ಲಿಂದ ಬೇರೆ ಕಡೆಗೆ ಕೊಂಡಿ ಇರಲಿ. ಅಂಗಡಿಯವರಿಗೆ ಇದು ಕೈಗೆಟುಕಿದ್ದು 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂ ಸೇರಿ ಸ್ಕೀಮಾ.ಆರ್ಗ್ ಎಂಬ ಎಲ್ಲರೂ ಒಪ್ಪಿದ ಪದಗಳ ಪಟ್ಟಿ ತೆರೆದ ಮೇಲೆ. ವ್ಯಾಪಾರದ ಪದಗಳು ಬಹುಪಾಲು ಮಾರ್ಟಿನ್ ಹೆಪ್ ಕಟ್ಟಿದ ಗುಡ್‌ರಿಲೇಷನ್ಸ್‌ನಿಂದ ಬಂದವು. 2012ರಲ್ಲಿ ಅದನ್ನು ಸ್ಕೀಮಾದೊಳಗೆ ಸೇರಿಸಿದರು. ಬರೆಯುವ ಲಿಪಿ ಜೇಸನ್-ಎಲ್‌ಡಿ, 2014ರಿಂದ ಅದು ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನದಂಡ. ಪುಟದ ಒಳಗೆ ಒಂದು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಕೂತಿರುತ್ತದೆ, ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ಮೊದಲ ವಾರ ಕಂಪ್ಯೂಟರಿನಲ್ಲಿ ಒಂದು ಹಾಳೆ ತೆರೆದು ಸಾಮಾನು ಎಣಿಸಿದ್ದೇ ಆಯಿತು. ಸಾಮಾನಿಗೊಂದು ಸಾಲು, ಹೆಸರು, ತೂಕ, ದರ, ಎಷ್ಟಿದೆ, ಫೋಟೊ, ಎಲ್ಲಿಯದು. ಇಲ್ಲೇ ಮೊದಲ ಜಗಳ ಶುರು. ಚೀಟಿಯಲ್ಲಿ "ತೊಗರಿ ಬೇಳೆ", ಬಾಯಲ್ಲಿ "ತೊಗರಿ ಬ್ಯಾಳಿ", ಗಂಜ್‌ನ (ಕಾಳುಕಡಿ ಮಾರುಕಟ್ಟೆಯ) ಬಿಲ್ಲಿನಲ್ಲಿ "ತೂರ್ ದಾಲ್", ದಿಲ್ಲಿಯಿಂದ ಕೇಳುವವರಿಗೆ "ಅರ್ಹರ್", ಗಡಿಯಾಚೆ ತೆಲಂಗಾಣದವರಿಗೆ "ಕಂದಿ ಪಪ್ಪು". ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು, ಆದರೆ 2019ರಲ್ಲಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು "ಗುಲ್ಬರ್ಗ ತೂರ್ ದಾಲ್" ಎಂಬ ಹೆಸರಿಗೆ. ಯಾದಗಿರಿ 2009ರ ಡಿಸೆಂಬರ್ ತನಕ ಗುಲ್ಬರ್ಗ ಜಿಲ್ಲೆಯದೇ ಒಂದು ತುಂಡಾಗಿತ್ತು, ಹಳೇ ಪಟ್ಟಿಗಳಲ್ಲಿ ಅಲ್ಲಿಯ ವಿಳಾಸಗಳೂ ಗುಲ್ಬರ್ಗದಲ್ಲೇ ಇವೆ.

ಇದಕ್ಕೆ ಲಿಂಕ್ಡ್ ಡೇಟಾದ ಪರಿಹಾರ ಸರಳ: ಹೆಸರು ಎಷ್ಟಾದರೂ ಇರಲಿ, ಗುರುತು ಒಂದೇ ಇರಲಿ. ಮುಖ್ಯ ಹೆಸರು ‘ನೇಮ್’ ಎಂಬಲ್ಲಿ, ಮಿಕ್ಕವೆಲ್ಲ ‘ಆಲ್ಟರ್ನೇಟ್‌ನೇಮ್’ ಎಂಬಲ್ಲಿ. ಊರಿಗೆ ವಿಕಿಪೀಡಿಯ ಬಳಗದ ಮಾಹಿತಿ ಕೋಶವಾದ ವಿಕಿಡೇಟಾದ ಕ್ಯೂ-ಸಂಖ್ಯೆಯ ವಿಳಾಸ ಕೊಟ್ಟರೆ ಸಾಕು. ಅದಕ್ಕೆ ಕಲಬುರಗಿಯೂ ಗುಲ್ಬರ್ಗವೂ ಒಂದೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ, ಮೊದಲ ಕರಡಿನಲ್ಲಿ ಅದೇ ಆಗಿತ್ತು. ‘ಸೇಮ್‌ಆಸ್’ ಅಂದರೆ "ಅದೇ ಇದು" ಎಂದು; "ಇದಕ್ಕೆ ಸಂಬಂಧಪಟ್ಟದ್ದು" ಎಂದಲ್ಲ. ಒಂದು ಕಿಲೊ ಬೇಳೆ ಪ್ಯಾಕೆಟ್ಟಿನ ಸೇಮ್‌ಆಸ್‌ನಲ್ಲಿ ತೊಗರಿ ಗಿಡದ ವಿಕಿಡೇಟಾ ಕೊಂಡಿ ಹಾಕಿದರೆ, ಆ ಪ್ಯಾಕೆಟ್ಟೇ ಇಡೀ ತೊಗರಿ ಕುಲ ಎಂದಂತಾಯಿತು, ಅದಕ್ಕೆ 160 ರೂಪಾಯಿ ದರ ಬೇರೆ. ಗಿಡದ ಕೊಂಡಿಯನ್ನು ಪುಟದ ‘ಅಬೌಟ್’ನಲ್ಲಿ ಹಾಕಿ. ಹೂಜಿ "ಬಿದ್ರಿ ಜಾತಿಯದು" ಎನ್ನಬೇಕಾದರೆ ‘ಅಡಿಷನಲ್‌ಟೈಪ್’ ಇದೆ. ಸೇಮ್‌ಆಸ್ ಅಂಗಡಿಗೆ ಇರಲಿ, ಅದೇ ಅಂಗಡಿಯ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪುಟಗಳನ್ನು ತೋರಿಸಲು.

ಎರಡನೇ ವಾರ ವಿಳಾಸಗಳದ್ದು. ಹಳೆಯ ಪುಟಗಳ ವಿಳಾಸದಲ್ಲಿ ದರ, ಹಬ್ಬದ ಆಫರ್, ವರ್ಷ ಎಲ್ಲ ಸೇರಿಕೊಂಡಿದ್ದವು. ದರ ಬದಲಾದಾಗ ವಿಳಾಸವೂ ಬದಲಾದರೆ ಅದು ಗುರುತಾಗಿ ಉಳಿಯುವುದಿಲ್ಲ. ಎಲ್ಲ ಕಿತ್ತು, ಅಂಗಡಿಯದೇ ಒಂದು ಸಂಖ್ಯೆ ಇಟ್ಟೆವು. ಹಳೆಯದರಿಂದ ಹೊಸದಕ್ಕೆ 301 ಮರುದಾರಿ. ಕನ್ನಡದಲ್ಲೇ ವಿಳಾಸ ಇಡೋಣ ಎಂಬ ಆಸೆಯೂ ಇತ್ತು. ಇಡಬಹುದು, ಆದರೆ ಲೆಕ್ಕ ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯ ಸಮೇತ 3 ಅಕ್ಷರ. "ತೊಗರಿ" ಎಂಬುದರಲ್ಲಿ ತ, ೊ, ಗ, ರ, ಿ ಹೀಗೆ ಐದು ಸಂಕೇತ, ಅಂದರೆ 45 ಅಕ್ಷರ. ಉದ್ದ ಹೋಗಲಿ, ಮೋಸ ಬೇರೆ ಕಡೆ ಇದೆ. ‘ೊ’ ಎಂಬ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ "ತೊ". ಯಂತ್ರಕ್ಕೆ ಎರಡು ಬೇರೆ ವಿಳಾಸ. ಕನ್ನಡ ವಿಳಾಸವೇ ಬೇಕೆಂದರೆ ಎಲ್ಲ ಪಠ್ಯವನ್ನೂ ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು ಆಮೇಲೆ ಬಳಸಿ. ನಾವು ಸಂಖ್ಯೆಗೇ ಶರಣಾದೆವು.

ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆ ಹಾಕಿ "ಪ್ರಾಡಕ್ಟ್" ಎಂದು ಸೇರಿಸುವ ರೂಢಿ ಇದೆ. ಸುಮ್ಮನೆ ಅಲಂಕಾರ ಎನಿಸುತ್ತದೆ, ಅಲ್ಲ. ಪುಟ ಬೇರೆ, ಹೂಜಿ ಬೇರೆ. ಪುಟ ಬರೆದದ್ದು ಮಂಗಳವಾರ, ಹೂಜಿ ಮಾಡಿದ್ದು ಮೂರು ತಿಂಗಳ ಹಿಂದೆ. ಎರಡಕ್ಕೂ ಒಂದೇ ಗುರುತು ಕೊಟ್ಟರೆ ಯಾವ ತಾರೀಖು ಯಾರದು ಎಂದು ಹೇಳಲು ಬರುವುದಿಲ್ಲ.

ಮೂರನೇ ವಾರ ಜೇಸನ್-ಎಲ್‌ಡಿ ಬರೆಯಲು ಕೂತದ್ದು. ಹುಡುಕಾಟದಲ್ಲಿ ಸಾಮಾನು ತೋರಿಸುವ ಗೂಗಲ್‌ನ ಮರ್ಚೆಂಟ್ ಪಟ್ಟಿಗೆ ಬೇಕೇ ಬೇಕಾದದ್ದು ಹೆಸರು, ಚಿತ್ರ, ‘ಆಫರ್ಸ್’ನ ಒಳಗೆ ದರ ಮತ್ತು ನಾಣ್ಯದ ಸಂಕೇತ. ದಾಸ್ತಾನು ಇದೆಯೇ ಎಂಬ ‘ಅವೈಲಬಿಲಿಟಿ’ ಕಡ್ಡಾಯವಲ್ಲ, ಬಿಡಲೂಬೇಡಿ. ದರದ ಜಾಗದಲ್ಲಿ ಅಂಕಿ ಮಾತ್ರ. ರೂಪಾಯಿ ಚಿಹ್ನೆ ಬೇಡ, ಅಲ್ಪವಿರಾಮ ಬೇಡ. ಹೂಜಿಯ 4,250 ಅಲ್ಲಿ 4250 ಆಗಬೇಕು. ಪೈಸೆ ಇದ್ದರೆ ಚುಕ್ಕಿ. ನಾಣ್ಯಕ್ಕೆ ಐಎನ್‌ಆರ್ ಎಂಬ ಮೂರಕ್ಷರ. ಕನ್ನಡ ಅಂಕಿಯಲ್ಲಿ ೧೬೦ ಎಂದು ಬರೆದರೆ ಚೆಂದ, ಯಂತ್ರ ಒಪ್ಪುವುದಿಲ್ಲ. ತಾರೀಖು ವರ್ಷ-ತಿಂಗಳು-ದಿನ ಕ್ರಮದಲ್ಲಿ. ತೂಕ, ಅಳತೆಗೆ ವಿಶ್ವಸಂಸ್ಥೆಯ ಯುಎನ್ ಸೆಫ್ಯಾಕ್ಟ್ ಸಂಕೇತ: ಕಿಲೊಗ್ರಾಮಿಗೆ ಕೆಜಿಎಂ, ಗ್ರಾಮಿಗೆ ಜಿಆರ್‌ಎಂ, ಸೆಂಟಿಮೀಟರಿಗೆ ಸಿಎಂಟಿ. "ಕೆಜಿ" ಎಂದಷ್ಟೇ ಬರೆದರೆ ಅದು ಬರೀ ಅಕ್ಷರ.

ಅಂಗಡಿಯ ಅಕ್ಷಾಂಶ ರೇಖಾಂಶ ಹಾಕುವಾಗ ಆದದ್ದು ನಗೆಪಾಟಲು. ಕಲಬುರಗಿ 17.33 ಉತ್ತರ, 76.83 ಪೂರ್ವ. ಎರಡೂ ಅದಲುಬದಲಾಗಿ ಬಿದ್ದವು. ಪರೀಕ್ಷೆಯ ಸಾಧನ ಹಸಿರು ಟಿಕ್ ಕೊಟ್ಟಿತು, ಯಾಕೆಂದರೆ ಎರಡೂ ನ್ಯಾಯವಾದ ಸಂಖ್ಯೆಗಳೇ. ನಕ್ಷೆಯಲ್ಲಿ ನೋಡಿದರೆ ಬೇಳೆ ಅಂಗಡಿ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ತೆರೆದಿತ್ತು. ಸಾಧನ ನೋಡುವುದು ವ್ಯಾಕರಣವನ್ನು, ನಿಜವನ್ನಲ್ಲ.

ಅರ್ಧ ದಿನ ನುಂಗಿದ ಇನ್ನೊಂದು ಸಂಗತಿ ಉದ್ಧರಣ ಚಿಹ್ನೆ. ಜೇಸನ್‌ಗೆ ನೇರ ಉದ್ಧರಣ ಚಿಹ್ನೆಯೇ ಬೇಕು. ಮಾದರಿ ಕೋಡನ್ನು ವರ್ಡ್ ಕಡತದಲ್ಲಿ ಉಳಿಸಿಟ್ಟು ಅಲ್ಲಿಂದ ನಕಲು ಮಾಡಿದ್ದರಿಂದ ಎಲ್ಲವೂ ಬಾಗಿದ ಚಿಹ್ನೆಗಳಾಗಿದ್ದವು. ಕಣ್ಣಿಟ್ಟು ನೋಡಿದರೂ ಗೊತ್ತಾಗುವುದಿಲ್ಲ, ಒಂದೇ ಒಂದು ಬಾಗಿದರೂ ಇಡೀ ತುಂಡು ಬಿದ್ದುಹೋಗುತ್ತದೆ. ಕೊನೆಯ ಸಾಲಿನ ನಂತರ ಉಳಿದುಹೋದ ಅಲ್ಪವಿರಾಮವೂ ಹಾಗೇ. ಸಾದಾ ಪಠ್ಯ ಸಂಪಾದಕದಲ್ಲೇ ಬರೆಯಿರಿ.

ವಿವರಣೆಗಳದ್ದು ನಮ್ಮ ಕಡೆಯದೇ ತೊಂದರೆ. ಡಿಟಿಪಿಯವರು ಪ್ಯಾಕೆಟ್ಟಿನ ಚೀಟಿಗೆಂದು ಬರೆದ ಪಠ್ಯ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿತ್ತು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮುತ್ತಿನಂಥ ಕನ್ನಡ. ಪುಟಕ್ಕೆ ಅಂಟಿಸಿದರೆ ಲ್ಯಾಟಿನ್ ಅಕ್ಷರ, ಚಿಹ್ನೆಗಳ ಕಸ. ಯೂನಿಕೋಡಿಗೆ ಪರಿವರ್ತಿಸಲು ಸಾಧನಗಳಿವೆ, ಮಾಡಿಕೊಂಡೆವು. ಆದರೆ ಅರ್ಕಾವೊತ್ತು, ಒತ್ತಕ್ಷರ ಇರುವ ಕಡೆ ಒಂದೊಂದು ಪದ ಓದಿ ನೋಡಲೇಬೇಕು.

ಪ್ಯಾಕೆಟ್ ಸಾಮಾನಿಗೆ ಬಾರ್‌ಕೋಡ್ ಸಂಖ್ಯೆ, ಅಂದರೆ ಜಿಟಿನ್, ಜಿಎಸ್‌1 ಇಂಡಿಯಾದಿಂದ ಪಡೆಯಬೇಕು. ಅಲ್ಲಿಯ ಸಂಖ್ಯೆಗಳು 890ರಿಂದ ಶುರುವಾಗುತ್ತವೆ. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ವಹಿವಾಟು ತೋರಿಸುವ ಲೆಕ್ಕಪತ್ರ, ರದ್ದುಮಾಡಿದ ಚೆಕ್ಕು ಸಿದ್ಧ ಇಟ್ಟುಕೊಳ್ಳಿ. ಶುಲ್ಕ ಎಷ್ಟು ಸಂಖ್ಯೆ ಬೇಕು, ವಹಿವಾಟು ಎಷ್ಟು ಎಂಬುದರ ಮೇಲೆ. ನಮ್ಮ ಕಾಗದಗಳಲ್ಲಿ ಒಂದರ ಮೇಲೆ ಗುಲ್ಬರ್ಗ, ಇನ್ನೊಂದರ ಮೇಲೆ ಕಲಬುರಗಿ. ತಿದ್ದಿಸಿ ಮತ್ತೆ ಹಾಕಿದ್ದರಲ್ಲಿ ಒಂಬತ್ತು ದಿನ ಹೋಯಿತು. ಮೊದಲೇ ಒಂದೇ ಥರ ಮಾಡಿಸಿಕೊಂಡಿದ್ದರೆ ಈ ಒಂಬತ್ತು ದಿನ ಉಳಿಯುತ್ತಿದ್ದವು. 1 ಕೆಜಿ ಪ್ಯಾಕೆಟ್ಟಿಗೊಂದು, 5 ಕೆಜಿಗೊಂದು, ಹೀಗೆ ಅಳತೆಗೊಂದು ಬೇರೆ ಸಂಖ್ಯೆ ಬೇಕೆಂಬುದು ನೆನಪಿರಲಿ.

ಸಂಖ್ಯೆ ಬರುವ ತನಕ ಮಾದರಿಯಲ್ಲಿದ್ದ 8901234567890 ಹಾಗೇ ಕೂತಿತ್ತು. ಜಿಟಿನ್‌ನ ಕೊನೆಯ ಅಂಕಿ ತಾಳೆ ನೋಡುವ ಅಂಕಿ. ಎಡದಿಂದ ಬೆಸ ಸ್ಥಾನದ ಅಂಕಿಗಳನ್ನು ಕೂಡಿ, ಸರಿ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಿ, ಎರಡನ್ನೂ ಸೇರಿಸಿದ ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಇಲ್ಲಿ 28ಕ್ಕೆ 102 ಸೇರಿ 130, ಆದ್ದರಿಂದ ಕೊನೆಗೆ 0. ಅಂದರೆ ಈ ಹುಸಿ ಸಂಖ್ಯೆ ತಾಳೆಯ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಪುಟ ಬಿಡುವ ಮುನ್ನಾ ದಿನ ಕಣ್ಣಿಗೆ ಬಿದ್ದದ್ದು ಪುಣ್ಯ. ಬಿದ್ರಿಗೆ ಜಿಟಿನ್ ಜಾಗವನ್ನೇ ಕಿತ್ತುಹಾಕಿದೆವು. ಇಲ್ಲದ್ದನ್ನು ಹುಟ್ಟಿಸಬಾರದು, ಕೈಕೆಲಸದ ವಸ್ತುವಿಗೆ ಅಂಗಡಿಯ ಸ್ವಂತ ಸಂಖ್ಯೆ, ಅಂದರೆ ಎಸ್‌ಕೆಯು, ಸಾಕು. ಗೂಗಲ್‌ಗೆ ಸಾಮಾನಿನ ಪಟ್ಟಿ ಕೊಡುವ ಮರ್ಚೆಂಟ್ ಸೆಂಟರಿನಲ್ಲಿ "ಗುರುತಿನ ಸಂಖ್ಯೆ ಇಲ್ಲ" ಎಂದು ಹೇಳಲು ಬೇರೆ ಜಾಗವಿದೆ.

ಒಂದೇ ಬೇಳೆಯ ಬೇರೆ ಅಳತೆಗಳನ್ನು ‘ಪ್ರಾಡಕ್ಟ್‌ಗ್ರೂಪ್’ ಅಡಿ ಜೋಡಿಸಿ ‘ಹ್ಯಾಸ್‌ವೇರಿಯಂಟ್’ ಎಂದು ಪಟ್ಟಿ ಮಾಡಬೇಕು. ‘ವೇರೀಸ್‌ಬೈ’ ಎಂಬಲ್ಲಿ ಯಾವುದರಿಂದ ಭೇದ ಎಂದು ಹೇಳಬೇಕು. ತೂಕ ಎನ್ನಲು ಕೈ ಹೋಗುತ್ತದೆ, ಆದರೆ ಗೂಗಲ್ ಒಪ್ಪುವುದು ಬಣ್ಣ, ಸೈಜ್, ವಸ್ತು, ವಿನ್ಯಾಸ, ವಯಸ್ಸು, ಲಿಂಗ ಇಷ್ಟನ್ನೇ. 1 ಕೆಜಿ, 5 ಕೆಜಿ ಎಂಬುದನ್ನು ಸೈಜ್ ಎಂದೇ ಹಾಕಿದೆವು. "160ರಿಂದ 775ರ ತನಕ" ಎಂದು ತೋರಿಸಲು ‘ಅಗ್ರಿಗೇಟ್‌ಆಫರ್’ ಬಳಸುವವರಿದ್ದಾರೆ. ಅದು ಒಂದೇ ವಸ್ತುವನ್ನು ಹಲವು ವರ್ತಕರು ಮಾರುವಾಗ ಬಳಸುವಂಥದ್ದು, ಹಲವು ಅಳತೆಗಳಿಗಲ್ಲ.

ಜಿಐ ವಿಚಾರದಲ್ಲಿ ಕೈ ಬಿಗಿ ಹಿಡಿದೆವು. ಬಿದ್ರಿಗೂ ಜಿಐ ಇದೆ, ಬೇಳೆಗೂ ಇದೆ. ಆದರೆ 1999ರ ಕಾಯ್ದೆಯ ಪ್ರಕಾರ ಆ ಹೆಸರಿನ ಹಕ್ಕು ನೋಂದಾಯಿತ ಅಧಿಕೃತ ಬಳಕೆದಾರರದು. ಕಲಬುರಗಿಯಲ್ಲಿ ಅಂಗಡಿ ಇದೆ ಎಂದಾಕ್ಷಣ ಬರುವುದಿಲ್ಲ. ನೋಂದಣಿ ಇರುವ ಕುಶಲಕರ್ಮಿಗಳಿಂದ ಬಂದ 19 ತುಣುಕಿಗೆ ಮಾತ್ರ ‘ಅಡಿಷನಲ್‌ಪ್ರಾಪರ್ಟಿ’ಯಲ್ಲಿ ಅದನ್ನು ಬರೆದೆವು. ಮಿಕ್ಕ 13ಕ್ಕೆ ವಸ್ತು ಸತು ಮತ್ತು ತಾಮ್ರದ ಮಿಶ್ರಲೋಹ, ಮೇಲೆ ಬೆಳ್ಳಿ ಎಂದಷ್ಟೇ.

ನಾಲ್ಕನೇ ವಾರ ಪುಟಗಳು ಹೊರಬಂದವು. ಆರನೇ ದಿನ, ತಾಣದ ತಪ್ಪುಗಳನ್ನು ಗೂಗಲ್ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಕೆಂಪು. ಒಂದೇ ಪುಟದಲ್ಲಿ ಮೂರು ಮೂರು ಪ್ರಾಡಕ್ಟ್, ಎರಡು ದರ. ಅಂಗಡಿಯ ತಂತ್ರಾಂಶ ತಾನೇ ಒಂದು ಸ್ಕೀಮಾ ಬರೆಯುತ್ತಿತ್ತು, ಹುಡುಕಾಟದಲ್ಲಿ ಮೇಲೆ ಬರಲೆಂದು ಹಾಕಿದ್ದ ಎಸ್‌ಇಒ ಪ್ಲಗಿನ್ ಇನ್ನೊಂದು, ನಮ್ಮದು ಮೂರನೆಯದು. ಪ್ಲಗಿನ್ನಿನದು ತಾತ್ಕಾಲಿಕ ನಕಲಿನಲ್ಲಿ (ಕ್ಯಾಶೆ) ಕೂತ ನಿನ್ನೆಯ ದರ. ಗಂಜ್‌ನಲ್ಲಿ ತೊಗರಿ ದರ ದಿನಕ್ಕೊಂದು, ಪುಟದಲ್ಲಿ 160 ಇದ್ದಾಗ ಒಳಗೆ 154. ದರ ತಾಳೆಯಾಗದ ಸಾಮಾನನ್ನು ಮರ್ಚೆಂಟ್ ಸೆಂಟರ್ ತಿರಸ್ಕರಿಸುತ್ತದೆ, ಐದು ಹೋದವು. ಎರಡನ್ನು ನಿಲ್ಲಿಸಿ, ಒಂದನ್ನೇ ಇಟ್ಟು, ಪುಟದ ದರವೂ ಸ್ಕೀಮಾದ ದರವೂ ಒಂದೇ ಖಾನೆಯಿಂದ ಬರುವಂತೆ ಮಾಡಿದ ಮೇಲೆ ನಿಂತಿತು. ನೀವು ಬರೆಯುವ ಮೊದಲು ಪುಟದ ಮೂಲ ತೆರೆದು "ld+json" ಎಂದು ಹುಡುಕಿ, ಈಗಾಗಲೇ ಎಷ್ಟಿವೆ ಎಣಿಸಿ. ಸ್ಕೀಮಾವನ್ನು ಜಾವಾಸ್ಕ್ರಿಪ್ಟ್ ಮೂಲಕ ಆಮೇಲೆ ತುಂಬಿಸುವುದೂ ಬೇಡ. ದರ ಬದಲಾಗುವ ಸಾಮಾನಿಗೆ ಮೊದಲ ಎಚ್‌ಟಿಎಂಎಲ್‌ನಲ್ಲೇ ಇದ್ದರೆ ಕ್ಷೇಮ.

ಚಿತ್ರದ್ದೂ ಒಂದು ಪೆಟ್ಟು. ಅಗಲ ಗುಣಿಸು ಎತ್ತರ ಕನಿಷ್ಠ 50,000 ಪಿಕ್ಸೆಲ್ ಇರಬೇಕು ಎನ್ನುತ್ತದೆ ಗೂಗಲ್. ಸ್ಕೀಮಾದಲ್ಲಿ ಸೇರಿದ್ದು 200ಕ್ಕೆ 200ರ ಪುಟಾಣಿ ಚಿತ್ರ, 40,000. ಬಿದ್ರಿಯ ಕಪ್ಪು ಮೈಯನ್ನು ಮೊಬೈಲಿನಲ್ಲಿ ತೆಗೆದರೆ ಬೆಳ್ಳಿಯ ಬಳ್ಳಿ ಕಾಣದೆ ಟ್ಯೂಬ್‌ಲೈಟಿನ ಗೆರೆ ಮಾತ್ರ ಕಾಣುತ್ತದೆ. ಫೋಟೊಗ್ರಾಫರನ್ನು ಕರೆಸಿ ತುಣುಕಿಗೆ 150ರಂತೆ 4,800 ರೂಪಾಯಿ ಕೊಟ್ಟದ್ದು, ಬಾರ್‌ಕೋಡ್ ಬಿಟ್ಟರೆ ಇದೊಂದೇ ಖರ್ಚು. ಸ್ಕೀಮಾ, ಪರೀಕ್ಷೆಯ ಸಾಧನಗಳು, ಸರ್ಚ್ ಕನ್ಸೋಲ್, ಮರ್ಚೆಂಟ್ ಸೆಂಟರ್ ಖಾತೆ ಯಾವುದಕ್ಕೂ ದುಡ್ಡಿಲ್ಲ. ಪರೀಕ್ಷೆಗೆ ಎರಡು ಸಾಧನ ಬಳಸಿ: ಸ್ಕೀಮಾ ಮಾರ್ಕಪ್ ವ್ಯಾಲಿಡೇಟರ್ ನೋಡುವುದು ಪದಗಳು ಸರಿಯೇ ಎಂದು, ರಿಚ್ ರಿಸಲ್ಟ್ಸ್ ಟೆಸ್ಟ್ ನೋಡುವುದು ರಿಚ್ ರಿಸಲ್ಟ್‌ಗೆ, ಅಂದರೆ ಹುಡುಕಾಟದಲ್ಲಿ ದರ, ನಕ್ಷತ್ರದಂಥ ವಿವರ ಸಮೇತ ತೋರಿಸಲು, ಗೂಗಲ್‌ಗೆ ಸಾಕೇ ಎಂದು. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಬೀಳುವುದು ಮಾಮೂಲು.

ವಾಟ್ಸಾಪ್‌ನಲ್ಲಿ ಬಂದ ಹೊಗಳಿಕೆಗಳನ್ನು ರಿವ್ಯೂ ಎಂದು ತುಂಬಿಸಿ ಐದು ನಕ್ಷತ್ರ ತೋರಿಸೋಣ ಎಂಬ ಸಲಹೆ ಬಂತು. ಪುಟದಲ್ಲಿ ಗಿರಾಕಿಗೆ ಕಾಣದ್ದನ್ನು ಸ್ಕೀಮಾದಲ್ಲಿ ಹಾಕುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಇಡೀ ತಾಣದ ರಿಚ್ ರಿಸಲ್ಟ್ ಹೋಗಬಹುದು. ಅಂಗಡಿ ತನಗೆ ತಾನೇ ಹಾಕಿಕೊಂಡ ನಕ್ಷತ್ರವನ್ನು 2019ರಿಂದಲೇ ಗೂಗಲ್ ತೋರಿಸುತ್ತಿಲ್ಲ. ನಕ್ಷತ್ರ ಇಲ್ಲದೆಯೇ ಬಿಟ್ಟೆವು.

ವಾಪಸಾತಿಯ ನಿಯಮವನ್ನು 43 ಕಡೆ ಬರೆಯಬೇಡಿ. 2024ರಿಂದ ‘ಆರ್ಗನೈಸೇಷನ್’ ಅಡಿ ಒಂದೇ ಸಲ ಬರೆದರೂ ನಡೆಯುತ್ತದೆ: ದೇಶ, ಎಷ್ಟು ದಿನ, ಹೇಗೆ ಕಳಿಸಬೇಕು, ಖರ್ಚು ಯಾರದು. ಬೇಳೆಗೆ ವಾಪಸಾತಿ ಇಲ್ಲ, ಬಿದ್ರಿಗೆ 7 ದಿನ ಇದೆ, ಆದ್ದರಿಂದ ಬೇಳೆಯ ಪುಟಗಳಲ್ಲಿ ಮಾತ್ರ ಬೇರೆ ಬರೆಯಬೇಕಾಯಿತು.

ಆಮೇಲೆ ಕಾಯುವುದು. ಕನ್ಸೋಲ್‌ನಲ್ಲಿ ತಿದ್ದಿದ್ದನ್ನು ಪರಿಶೀಲಿಸು ಎಂದು ಒತ್ತಿದ ಮೇಲೆ ಸಾಮಾನ್ಯವಾಗಿ ಎರಡು ವಾರ, ಕೆಲವೊಮ್ಮೆ ಹೆಚ್ಚು. ನಮಗೆ 16 ದಿನ ಹಿಡಿಯಿತು. ದಿನಾ ಬೆಳಿಗ್ಗೆ ತೆರೆದು ನೋಡುವ ಚಟ ಹತ್ತುತ್ತದೆ, ನೋಡಿದರೂ ಬೇಗ ಆಗುವುದಿಲ್ಲ. ನಡುವೆ ಕೋಡ್ ಮುಟ್ಟಿದರೆ ಯಾವ ಬದಲಾವಣೆಯಿಂದ ಏನಾಯಿತೆಂಬ ಲೆಕ್ಕವೇ ತಪ್ಪುತ್ತದೆ. ಕೊನೆಗೆ 43ರಲ್ಲಿ 38 ಹಸಿರಾದವು. ಹುಡುಕಿದಾಗ 21ಕ್ಕೆ ದರ, ದಾಸ್ತಾನು ಸಮೇತ ಕಾಣುತ್ತಿದೆ. ಹಸಿರಾದವುಗಳಲ್ಲಿ ಮಿಕ್ಕವಕ್ಕೆ ಕೋಡ್ ಸರಿ ಇದ್ದರೂ ಕಾಣುತ್ತಿಲ್ಲ. ಸರಿ ಇದ್ದ ಮಾತ್ರಕ್ಕೆ ತೋರಿಸುತ್ತೇವೆ ಎಂದು ಗೂಗಲ್ ಎಲ್ಲೂ ಮಾತು ಕೊಟ್ಟಿಲ್ಲ.

ಈ ನಡುವೆ ಬಿದ್ರಿಯ ಮೂರು ತುಣುಕು ಮಾರಾಟವಾದವು. ಅಂಥ ಪುಟವನ್ನು ಅಳಿಸಲು ಕೈ ಹೋಗುತ್ತದೆ, ಯಾಕೆಂದರೆ ಅದು ಮತ್ತೆ ಬರುವುದಿಲ್ಲ. ಅಳಿಸಲಿಲ್ಲ. ಅವೈಲಬಿಲಿಟಿಯನ್ನು ‘ಸೋಲ್ಡ್‌ಔಟ್’ ಮಾಡಿ, ದಾಸ್ತಾನು 0 ಹಾಕಿ, ಕೆಳಗೆ ಅದೇ ಕುಶಲಕರ್ಮಿಯ ಬೇರೆ ಕೆಲಸಗಳಿಗೆ ಕೊಂಡಿ ಕೊಟ್ಟೆವು. ಹೂಜಿ ಈಗ ಪುಣೆಯ ಯಾರದೋ ಮನೆಯಲ್ಲಿದೆ. ಅದರ ವಿಳಾಸ ಇಲ್ಲೇ ಇದೆ.